ಗೂಡಿನ ಮಂಕರಿಯಲ್ಲಿ ಡೆತ್ ಮೆಟಲ್

ಹೆಂಡತಿ ಹೇಳಿದ ಕೂಡಲೇ ಬಾಯಿ ಮುಚ್ಚುವ ಗಂಡಸರು ಶಿಡ್ಲಘಟ್ಟದಲ್ಲಿ ಬೇಕಾದಷ್ಟಿದ್ದಾರೆ. ಅದೇನು ದೊಡ್ಡ ಸಂಗತಿಯಲ್ಲ. ಆದರೆ ಯಾವ ಯಾವ ಪದ ಬಾಯಿಂದ ಹೊರಡಕೂಡದು ಎಂದು ಒಂದೊಂದಾಗಿ ಹೆಸರು ಹೇಳಿಸಿಕೊಂಡು, ಹೆಂಡತಿಯ ತಲೆಯ ಮೇಲೆ ಕೈಯಿಟ್ಟು ಖಸಮ್, ಅಂದರೆ ಆಣೆ, ಹಾಕಿದ ಗಂಡಸು ಅಂದರೆ ಗೂಡಿನಿಂದ ನೂಲು ಬಿಚ್ಚುವ ರೇಷ್ಮೆ ರೀಲರ್ ಬಾಬಾಜಾನ್ ಒಬ್ಬನೇ. ಅದೂ ಎಂಥ ದಿನ? ನಾದಿನಿ ಅಖ್ತರಿಯನ್ನು ನೋಡಲು ಗಂಡಿನ ಕಡೆಯವರು ಬರುವ ಭಾನುವಾರ, ಬೆಳಗಿನ ಚಹಾ ಇನ್ನೂ ಗಂಟಲಿನಿಂದ ಕೆಳಗಿಳಿಯುವ ಮೊದಲೇ.

"ಥ್ರಾಷ್ ಅನ್ನಂಗಿಲ್ಲ," ಅಂದಳು ಗೌಹರ್.

"ಅನ್ನಲ್ಲ."

"ಡೆತ್?"

"ಅನ್ನಲ್ಲ."

"ಡೂಮ್, ಬ್ಲ್ಯಾಕ್, ಸ್ಪೀಡ್, ಪವರ್, ಆಮೇಲೆ ಅದೇನೋ ಗ್ರೈಂಡರ್ ಅಂತೀರಲ್ಲ?"

"ಗ್ರೈಂಡ್‌ಕೋರ್," ಎಂದ ಬಾಬಾಜಾನ್. "ಅದು ಮೆಟಲ್ಲೇ ಅಲ್ಲ ಅಂತ ಒಂದು ವಾದ ಇದೆ ಕಣೇ. ನಾನೇನು ಹೇಳ್ತೀನಿ ಅಂದ್ರೆ..."

ಗೌಹರ್ ಅವನ ಕೈಯನ್ನು ತನ್ನ ತಲೆಯ ಮೇಲೆ ಇನ್ನೊಂದಿಷ್ಟು ಒತ್ತಿ ಹಿಡಿದಳು. ಅವನು ಏನು ಹೇಳುತ್ತಿದ್ದನೋ ಅದು ಅಲ್ಲಿಗೇ ನಿಂತಿತು.

(ಇವರ ಮನೆಯಲ್ಲಿ ಆಡುವುದು ಉರ್ದು. ಜಗಳವೂ ಅದರಲ್ಲೇ. ನಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಕೇಳಿಸಿಕೊಳ್ಳೋಣ. ಅರ್ಥವೇನೂ ಕೆಡುವುದಿಲ್ಲ, ಖಾರ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ.)

ಗೌಹರ್ ಹೀಗೆ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ಅಮ್ಮ ಇಲ್ಲದ ತಂಗಿ, ಚಿಕ್ಕಂದಿನಿಂದ ಇವಳ ಕೈಯಲ್ಲೇ ಬೆಳೆದವಳು. ಹಿಂದಿನ ವರ್ಷ ಬಂದಿದ್ದ ಸಂಬಂಧ ಕೈತಪ್ಪಿ ಹೋದದ್ದು ಈ ಮಹಾಶಯನ ನಾಲಿಗೆಯಿಂದ. ಹುಡುಗ ಮೇಷ್ಟರು, ಪಾಪ, ಮರ್ಯಾದೆಗೆ "ನಾನೂ ಒಂದೊಂದು ಸಲ ಮೆಟಲ್ ಕೇಳ್ತೀನಿ" ಅಂದಿದ್ದ. ಅಷ್ಟಕ್ಕೇ ಬಾಬಾಜಾನ್ ತನ್ನ ಹೆವಿ ಮೆಟಲ್ ಹಾಡಿನ ಕ್ಯಾಸೆಟ್ಟುಗಳ ಕಪಾಟು ತೆಗೆದು, ಅವನು ಕೇಳುವುದು ಮೆಟಲ್ಲೇ ಅಲ್ಲವೆಂದು ಸಾಬೀತು ಮಾಡುವ ಘನಕಾರ್ಯಕ್ಕೆ ಕೂತುಬಿಟ್ಟ. ಡೆತ್ ಅಂದರೆ ಏನು, ಡೂಮ್ ಬೆರೆತ ಡೆತ್ ಅಂದರೆ ಏನು, ಡೆತ್ ಬೆರೆತ ಡೂಮ್ ಹೇಗೆ ಬೇರೆ, ಎಲ್ಲ ಆಯಿತು. ಒಳಗೆ ಬಿರಿಯಾನಿ ಆರಿ ತಣ್ಣಗಾಯಿತು. ಮದುವೆ ಮಾತಾಡಲು ಬಂದ ಮನೆಯಲ್ಲಿ ಹೊತ್ತೆಲ್ಲ ಬರೀ ಸಾವಿನ ಮಾತೇ ಆಯಿತೆಂದು ಹುಡುಗನ ತಂದೆ ಚಪ್ಪಲಿ ಮೆಟ್ಟಿ ಹೊರಟರು. ಆ ರಾತ್ರಿ ಅಖ್ತರಿ ಆರಿದ ಬಿರಿಯಾನಿಯನ್ನು ತಾನೇ ಬಿಸಿ ಮಾಡಿ ಎಲ್ಲರಿಗೂ ಬಡಿಸಿದಳು. ಗೌಹರ್ ಅದನ್ನು ಮರೆತಿರಲಿಲ್ಲ.

ಈ ಸಲ ಬರುತ್ತಿದ್ದ ಹುಡುಗ ಷರೀಫ್. ಚಿಕ್ಕಬಳ್ಳಾಪುರದ ಟೆಲಿಫೋನ್ ಆಫೀಸಿನಲ್ಲಿ ಕೆಲಸ. ಟೈಪಿಂಗ್ ಪರೀಕ್ಷೆಗೆ ಹೋದಾಗ ಅಖ್ತರಿ ಅವನನ್ನು ನೋಡಿದ್ದಳು. ಅವನ ಹೆಸರು ಬಂದಾಗ ಮೊದಲ ಸಲ ಅವಳು ಬೇಡ ಅನ್ನಲಿಲ್ಲ, ಕಿಟಕಿ ಕಡೆ ತಿರುಗಿ ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡಳು. ಅಕ್ಕನಿಗೆ ಅಷ್ಟು ಸಾಕಾಗಿತ್ತು.

"ಇದೂ ತಪ್ಪಿ ಹೋದ್ರೆ ನಿಮ್ಮನ್ನ ನಾನು ಮಾಫ್ ಮಾಡಲ್ಲ," ಎಂದಳು. ದನಿ ಎತ್ತಲಿಲ್ಲ. ಬಾಬಾಜಾನನಿಗೆ ಭಯವಾದದ್ದು ಅದಕ್ಕೇ.

ಇನ್ನು ಬಾಬಾಜಾನನ ರೋಗದ ಮೂಲ ಹೇಳಬೇಕು. ಅವನ ಕಿವಿ ದೊಡ್ಡ ಕಿವಿ. ಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ರೇಷ್ಮೆಗೂಡನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡುತ್ತಾರೆ. ಒಳಗಿನ ಹುಳು ಲಟಕ್ ಅಂದರೆ ಗೂಡು ಹದವಾಗಿದೆ, ಸಪ್ಪಗಿದ್ದರೆ ಹಸಿ. ಬಾಬಾಜಾನ್ ಒಂದು ಹಿಡಿ ಗೂಡು ಅಲುಗಿಸಿದರೆ ಸಾಕು, ಇದು ಒಳ್ಳೆಯ ಮಾಲು, ಇದು ತೆಳುವಾದ ಜಿಲ್ಲಿ, ಇದು ಎರಡು ಹುಳು ಸೇರಿ ಕಟ್ಟಿದ ಡಬಲ್ಲು ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದ. ಮಾರುಕಟ್ಟೆಯ ಹಳಬರು ಹೊಸ ಹುಡುಗರ ಕಣ್ಣಿಗೆ ಟವೆಲ್ಲು ಕಟ್ಟಿ, ಒಂದೇ ಮಂಕರಿಯ ಗೂಡನ್ನು ಎರಡು ಸಲ ಕೈಗೆ ಕೊಟ್ಟು ಪರೀಕ್ಷೆ ಮಾಡುವುದುಂಟು. ಜಾಣತನ ತೋರಿಸಲು ಹೋಗಿ ಎರಡು ಹೆಸರು ಹೇಳಿದವನು ಆ ವರ್ಷವೆಲ್ಲ ನಗೆಪಾಟಲು. ಮೀಸೆ ಚಿಗುರುವ ವಯಸ್ಸಿನಲ್ಲೇ ಬಾಬಾಜಾನ್ ಟವೆಲ್ಲು ಬಿಚ್ಚಿ ಎಸೆದು "ಎರಡೂ ಒಂದೇ, ನನ್ನ ಹತ್ರ ಆಟ ಬೇಡ ಚಾಚಾ" ಅಂದಿದ್ದನಂತೆ. ಅವನೇ ಹೇಳಿಕೊಳ್ಳುವುದು.

ಈ ಕಿವಿ ಗೂಡಿನ ಹತ್ತಿರವೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಬೆಂಗಳೂರಿನಲ್ಲಿ ಬಿ.ಕಾಂ. ಓದುವಾಗ ಅದಕ್ಕೆ ಹೆವಿ ಮೆಟಲ್ ಎಂಬ ಅಬ್ಬರದ ಇಂಗ್ಲಿಷ್ ಸಂಗೀತ ಹತ್ತಿಕೊಂಡಿತು. ಜೊತೆಗೆ ಓದಿದ ಗೌರಿಬಿದನೂರಿನ ಚನ್ನಕೇಶವನಿಗೂ ಹತ್ತಿತ್ತು. ಓದು ಮುಗಿದ ಮೇಲೆ ಚನ್ನಕೇಶವ ಎಲ್ಲಿಂದಲೋ ಅಸಲು ಕ್ಯಾಸೆಟ್ಟು ತರಿಸುವುದು, ತನ್ನ ವಾಕ್‌ಮನ್ ಸಮೇತ ಶಿಡ್ಲಘಟ್ಟಕ್ಕೆ ತಂದು ಕೊಡುವುದು, ಇಲ್ಲಿ ಅದು ಕಾಪಿಯಾಗುವುದು, ಹೀಗೆ ನಡೆದಿತ್ತು. ಬಾಬಾಜಾನನಿಗೆ ಹಗಲೆಲ್ಲ ಮಾರುಕಟ್ಟೆ, ಶೆಡ್ಡು. ಹಾಗಾಗಿ ಕಾಪಿ ಮಾಡುವ ಕೆಲಸ ಅಖ್ತರಿಯ ತಲೆಗೆ ಬಿದ್ದಿತ್ತು. ವಾಕ್‌ಮನ್ನಿನಿಂದ ಮನೆಯ ಟೇಪ್ ರೆಕಾರ್ಡರಿಗೆ ವೈರು ಸಿಕ್ಕಿಸಿ, ಒಂದು ಕಡೆ ಬಟನ್ ಒತ್ತಿ, ಅವಳು ಕಸೂತಿ ಹಾಕುತ್ತ ಕೂತಿರುತ್ತಿದ್ದಳು.

ಕ್ಯಾಸೆಟ್ಟು ಬಂದಮೇಲೆ ಜಾತಿ ಬೇಡವೇ? ಗೂಡಿನ ಲಾಟಿಗೆ, ಅಂದರೆ ಹರಾಜಿಗಿಟ್ಟ ರಾಶಿಗೆ, ಅಂಟಿಸುವ ಹಳದಿ ಚೀಟಿಗಳನ್ನೇ ತಂದು ಬಾಬಾಜಾನ್ ಒಂದೊಂದಕ್ಕೂ ಅಂಟಿಸಿದ. ಮೊದಮೊದಲು ಓಡುವ ಥ್ರಾಷ್, ಗೊಗ್ಗರು ದನಿಯ ಡೆತ್, ತೆವಳುವ ಡೂಮ್. ಆಮೇಲೆ ಡೆತ್‌ನೊಳಗೆ ನಿಧಾನ ಡೆತ್, ಅವಸರದ ಡೆತ್, ಒಣ ಡೆತ್. ತೆಳುವಾಗಿ ಕೇಳಿಸಿದ್ದು ಜಿಲ್ಲಿ ಥ್ರಾಷ್. ಇಬ್ಬರು ಒಟ್ಟಿಗೆ ಕಿರುಚಿದ್ದು ಡಬಲ್ ಬ್ಲ್ಯಾಕ್. ಒಂದೇ ಕ್ಯಾಸೆಟ್ಟಿನ ಎ ಸೈಡಿಗೆ ಒಂದು ಜಾತಿ, ಬಿ ಸೈಡಿಗೆ ಇನ್ನೊಂದು. ಕಡೆಗೆ ಜಾತಿಗಳು ಕ್ಯಾಸೆಟ್ಟುಗಳಿಗಿಂತ ಜಾಸ್ತಿಯಾಗಿ, ಕೆಲವು ಚೀಟಿಗಳು ಅಂಟಿಕೊಳ್ಳಲು ಜಾಗವಿಲ್ಲದೆ ಸುಮ್ಮನೆ ಕಪಾಟಿನ ಬಾಗಿಲ ಮೇಲೆ ಕಾಯುತ್ತಿದ್ದವು. ಗೌಹರಳ ಧನಿಯ ಜೀರಿಗೆ ಡಬ್ಬಿಗಳು ನೆಲಕ್ಕಿಳಿದವು.

ಈ ಚೀಟಿಯಿಂದಲೇ ಚನ್ನಕೇಶವನ ಸ್ನೇಹವೂ ಮುರಿದದ್ದು. ಕೋಲ್ಡ್ ಫರ್ನೇಸ್ ಎಂಬ ಬ್ಯಾಂಡು. ಅದು ಶುದ್ಧ ಥ್ರಾಷ್ ಅಂತ ಚನ್ನಕೇಶವ. ಅಲ್ಲ, ಅದು ಸೂಪರ್ ಸ್ಪೀಡ್, ಅಷ್ಟು ಓಟದ ಮೆಟಲ್ ಭೂಮಿಯ ಮೇಲೆ ಇನ್ನೊಂದಿಲ್ಲ ಅಂತ ಬಾಬಾಜಾನ್. "ನಿನ್ನ ಕಿವೀಲಿ ಗೂಡಿನ ಹುಳ ಸೇರ್ಕೊಂಡಿದೆ ಕಣೋ" ಎಂದು ಚನ್ನಕೇಶವ ಎದ್ದು ಬಸ್ಸು ಹತ್ತಿದವನು ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಇರಲಿ, ಭಾನುವಾರಕ್ಕೆ ಬರೋಣ.

ಕಪಾಟು ತುಂಬ ಡೆತ್ತು, ಡೂಮು ಎಂದು ಹಳದಿ ಚೀಟಿ ಮೆರೆಯುತ್ತಿದ್ದರೆ ಬಂದವರು ಹೊಸ್ತಿಲಲ್ಲೇ ತಿರುಗುತ್ತಾರೆಂದು ಗೌಹರ್ ಮುಂಜಾನೆಯೇ ಅಷ್ಟನ್ನೂ ಹಿತ್ತಲ ಶೆಡ್ಡಿಗೆ ಸಾಗಿಸಿದಳು. ಖಾಲಿ ಮಂಕರಿಗಳಲ್ಲಿ ಕ್ಯಾಸೆಟ್ಟು ಜೋಡಿಸಿ, ಮೇಲೆ ಎರಡು ಗೇಣು ರೇಷ್ಮೆಗೂಡು ಸುರಿದಳು. ಯಾರ ಅಪ್ಪನಿಗೂ ಗೊತ್ತಾಗುವ ಹಾಗಿರಲಿಲ್ಲ. ಟೇಪ್ ರೆಕಾರ್ಡರಿನ ಮೇಲೆ ಒಂದು ಗೋಣಿ ಮುಚ್ಚಿದಳು. ಅವಳ ಲೆಕ್ಕಾಚಾರವೆಲ್ಲ ಸರಿಯಿತ್ತು. ಬರುವ ಹಿರಿಯರು ಯಾರೆಂದು ಮಾತ್ರ ಅವಳು ಕೇಳಿಕೊಂಡಿರಲಿಲ್ಲ.

ಬಂದವರು ಷರೀಫ್, ಅವನ ತಾಯಿ ವಜೀರುನ್ನೀಸಾ, ಮತ್ತು ಅವನ ಸೋದರಮಾವ, ಚಿಂತಾಮಣಿಯ ಹಳೇ ರೇಷ್ಮೆ ವ್ಯಾಪಾರಿ ಸಾದಿಕ್ ಪಾಷಾ. ತಂದೆಯಿಲ್ಲದ ಹುಡುಗನಿಗೆ ಮಾವನ ಮಾತೇ ಮಾತು. ಬಿಳಿ ಗಡ್ಡ, ಎತ್ತರದ ಆಳು, ಮಾತಾಡುವಾಗ ಎದುರಿನವರ ಕಣ್ಣನ್ನು ಬಿಡದ ದೃಷ್ಟಿ. ಕೂತವರೇ, "ರೀಲಿಂಗ್ ಹೆಂಗೆ ನಡೀತಿದೆ?" ಎಂದರು.

"ಇನ್ಷಾ ಅಲ್ಲಾ," ಎಂದ ಬಾಬಾಜಾನ್.

"ಈ ಸಲ ಗೂಡಿನ ರೇಟು?"

"ತಗೊಳ್ಳಿ," ಎಂದು ನೀರಿನ ಲೋಟ ಮುಂದೆ ಹಿಡಿದ.

ಖಸಮ್ ಇದ್ದದ್ದು ಮೆಟಲ್ಲಿನ ಬಗ್ಗೆ ಮಾತ್ರ, ಗೂಡಿನ ಬಗ್ಗೆ ಅಲ್ಲ. ಆದರೆ ಅವನಿಗೆ ತನ್ನ ನಾಲಿಗೆಯ ಮೇಲೆ ಅಷ್ಟೂ ನಂಬಿಕೆಯಿರಲಿಲ್ಲ. ಯಾವ ದಾರಿಯಲ್ಲಿ ಹೊರಟರೂ ಅದು ಮೆಟಲ್ಲಿನ ಊರಿಗೇ ಹೋಗಿ ನಿಲ್ಲುತ್ತಿತ್ತು. ಆದ್ದರಿಂದ ಹೊರಡುವುದೇ ಬೇಡ ಎಂದು ತೀರ್ಮಾನಿಸಿದ್ದ.

ಒಳಗೆ ಪರದೆಯ ಹಿಂದೆ ವಜೀರುನ್ನೀಸಾ ಗೌಹರಳ ಕಿವಿಯಲ್ಲಿ, "ನಿಮ್ಮ ಯಜಮಾನರಿಗೆ ಮೈ ಹುಷಾರಿಲ್ವೇನಮ್ಮ?" ಎಂದರು. ಗೌಹರ್ "ನಾಚಿಕೆ ಸ್ವಭಾವ" ಅಂದಳು. ಪಕ್ಕದಲ್ಲಿದ್ದ ಅಖ್ತರಿ ದುಪಟ್ಟಾದ ಅಂಚು ಕಚ್ಚಿ ನಗು ತಡೆದುಕೊಂಡಳು.

ನೆಲಕ್ಕೆ ದಸ್ತರ್‌ಖಾನ್ ಬಟ್ಟೆ ಹಾಸಿ ಬಿರಿಯಾನಿ ಬಡಿಸಿದ ಮೇಲೆ ನಿಜವಾದ ಪರೀಕ್ಷೆ ಶುರುವಾಯಿತು. ಷರೀಫ್ ಒಳ್ಳೆಯ ಹುಡುಗ. ಭಾವನಾಗುವವನ ಮನಸ್ಸು ಗೆಲ್ಲಬೇಕೆಂದು ಯಾರನ್ನೋ ವಿಚಾರಿಸಿ ತಯಾರಾಗಿ ಬಂದಿದ್ದ.

"ಭಾಯ್, ನೀವು ಇಂಗ್ಲಿಷ್ ಹಾಡು ಕೇಳ್ತೀರಂತೆ. ನಾನೂ ಕೇಳ್ತೀನಿ. ಕೋಲ್ಡ್ ಫರ್ನೇಸ್ ಅಂತ ಇದೆಯಲ್ಲ, ಆ ಬ್ಯಾಂಡು ನಂಗಿಷ್ಟ."

ಬಾಬಾಜಾನನ ಮುಖ ಅರಳಿತು.

"ಒಳ್ಳೆ ರಾಕ್," ಎಂದ ಷರೀಫ್.

ಅರಳಿದ ಮುಖ ಹಾಗೇ ಕಪ್ಪಿಟ್ಟಿತು. ರಾಕ್. ಬಾಯಲ್ಲಿದ್ದ ಮೂಳೆಯನ್ನು ಬಾಬಾಜಾನ್ ಹಲ್ಲಿನಲ್ಲಿ ಕಟುಮ್ಮನೆ ಕಡಿದ. ಪರದೆ ಅಲುಗಿತು. ಪರದೆಯ ಸಂದಿನಲ್ಲಿ ಗೌಹರಳ ಒಂದು ಕಣ್ಣು ಕಾಣಿಸಿತು.

"ಹಾಕ್ಕೊಳ್ಳಿ," ಎಂದು ಅವನು ಷರೀಫನ ತಟ್ಟೆಗೆ ಬಿರಿಯಾನಿ ಸುರಿದ.

"ಪಾಪ್ ಅಂದ್ರೂ ಅಂದ್ಕೋಬಹುದು ಅನ್ಸುತ್ತೆ, ಅಲ್ವಾ ಭಾಯ್?"

"ಹಾಕ್ಕೊಳ್ಳಿ."

"ಸಾಕು ಭಾಯ್, ಸಾಕು. ನಂಗೆ ಈ ಹೆಸರುಗಳೆಲ್ಲ ಗೊತ್ತಾಗಲ್ಲ. ಒಬ್ಬರು ಅದು ಅಂತಾರೆ, ಇನ್ನೊಬ್ಬರು ಇದು ಅಂತಾರೆ. ನನ್ನ ಕಿವಿಗೆ ಎಲ್ಲಾ ಒಂದೇ."

ಎಲ್ಲಾ ಒಂದೇ. ಬಾಬಾಜಾನನ ಕಿವಿಯ ತುದಿಯಿಂದ ಹಿಡಿದು ಕತ್ತಿನ ತನಕ ಕೆಂಪಾಯಿತು. ಹಣೆಯಿಂದ ಬೆವರು ಬಂದು ಬಿರಿಯಾನಿಗೆ ಬಿತ್ತು. ಹತ್ತು ವರ್ಷ ಕಷ್ಟಪಟ್ಟು ಕಟ್ಟಿದ ವರ್ಣಾಶ್ರಮ ವ್ಯವಸ್ಥೆಯನ್ನು ಚಿಕ್ಕಬಳ್ಳಾಪುರದ ಒಬ್ಬ ಟೆಲಿಫೋನ್ ಹುಡುಗ ರಾಯತ ತಿನ್ನುತ್ತ ಕೆಡವಿ ಹಾಕಿದ್ದ. ಆದರೂ, ಮೆಚ್ಚಬೇಕು, ಬಾಬಾಜಾನ್ ತುಟಿ ಬಿಚ್ಚಲಿಲ್ಲ. ಒಂದು ಇಡೀ ಹಸಿಮೆಣಸಿನಕಾಯಿ ಕಚ್ಚಿ ಕಣ್ಣೀರು ಒರೆಸಿಕೊಂಡ. ನೋಡಿದವರು ಖಾರಕ್ಕೆ ಅಂದುಕೊಂಡರು.

ಊಟ ಮುಗಿಯಿತು, ಸಿಹಿಯೂ ಆಯಿತು. ಒಳಗೆ ವಜೀರುನ್ನೀಸಾ ಅಖ್ತರಿಯ ಗಲ್ಲ ಹಿಡಿದು ತಮ್ಮ ಪಕ್ಕ ಕೂರಿಸಿಕೊಂಡಿದ್ದರು. ಇನ್ನು ಸಾದಿಕ್ ಪಾಷಾ ಹೂಂ ಅಂದರೆ ಮುಗಿಯಿತು. ಗೌಹರಳಿಗೆ ಬೆಳಗಿನಿಂದ ಹಿಡಿದಿಟ್ಟುಕೊಂಡಿದ್ದ ಉಸಿರು ಬಿಡುವ ಧೈರ್ಯ ಬಂದಿತ್ತು.

ಆಗ ಸಾದಿಕ್ ಪಾಷಾ ಮೊಣಕಾಲು ಹಿಡಿದು ಎದ್ದರು. "ರೇಷ್ಮೆಯವರ ಮನೆಗೆ ಬಂದು ಗೂಡು ನೋಡದೆ ಹೋಗೋದುಂಟಾ? ಶೆಡ್ಡು ಯಾವ ಕಡೆ?"

ಪರದೆಯ ಹಿಂದೆ ಗೌಹರ್ ಎದ್ದು ನಿಂತಳು. ಬೇಡ ಅನ್ನುವ ಹಾಗಿಲ್ಲ. ರೇಷ್ಮೆಯವರಲ್ಲಿ ಗೂಡು ನೋಡುವುದು ಅಂದರೆ ಕುಶಲ ವಿಚಾರಿಸಿದ ಹಾಗೆ, ಬೇಡ ಅನ್ನುವುದು ಅಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಅವಳು ಏನಾದರೊಂದು ನೆಪ ಹುಡುಕುವಷ್ಟರಲ್ಲಿ ಅವರು ಹಿತ್ತಲು ದಾಟಿ ಶೆಡ್ಡಿನೊಳಗೆ ಹೋಗಿದ್ದರು. ಹಿಂದೆ ಬಾಬಾಜಾನ್, ಅವನ ಹಿಂದೆ ಷರೀಫ್. ಹೆಂಗಸರು ಶೆಡ್ಡಿನ ಬಾಗಿಲ ಗೋಣಿಪರದೆಯ ಹತ್ತಿರ ಬಂದು ನಿಂತರು.

ಸಾದಿಕ್ ಪಾಷಾ ಮೊದಲ ಮಂಕರಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೇಲಿನ ಗೂಡನ್ನು ಯಾವ ವ್ಯಾಪಾರಿಯೂ ನಂಬುವುದಿಲ್ಲ, ಒಳ್ಳೆಯದನ್ನು ಮೇಲೆ ಹಾಕಿರುತ್ತಾರೆಂದು ಎಲ್ಲರಿಗೂ ಗೊತ್ತು. ತೋಳು ಮಡಿಸಿ ಮೊಣಕೈವರೆಗೆ ಕೈ ಇಳಿಸಿದರು. ತಳದಿಂದ ಸಿಕ್ಕಿದ್ದನ್ನು ಎತ್ತಿ, ಕಣ್ಣು ಮುಚ್ಚಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಲಟಲಟ ಅಂದಿತು.

"ಚೆನ್ನಾಗಿ ಒಣಗಿದೆ," ಎಂದು ಅಭ್ಯಾಸಬಲದಿಂದ ಹೇಳಿಯೂಬಿಟ್ಟು ಕಣ್ಣು ತೆರೆದರು.

ಕೈಯಲ್ಲಿ ಒಂದು ಕ್ಯಾಸೆಟ್ಟು. ಅದರ ಮೇಲೆ ಹಳದಿ ಚೀಟಿ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 'ಒಣ ಡೆತ್'.

ಅವರು ಇನ್ನೊಂದು ಎತ್ತಿದರು, 'ಡಬಲ್ ಬ್ಲ್ಯಾಕ್'. ಮತ್ತೊಂದು, 'ಜಿಲ್ಲಿ ಥ್ರಾಷ್, ಬಿ ಸೈಡ್ ಮಾತ್ರ'. ಮಂಕರಿ ಖಾಲಿಯಾಗುವವರೆಗೆ ಎತ್ತಿ ಎತ್ತಿ ಸಾಲಾಗಿ ಇಟ್ಟರು. ಹಾಡಿನ ಕ್ಯಾಸೆಟ್ಟು ಬಚ್ಚಿಟ್ಟದ್ದಕ್ಕೆ ಬೈಯುತ್ತಾರೆಂದು ಗೌಹರ್ ಕಾದಳು. ಅವರ ಸಿಟ್ಟು ಬೇರೆ ಕಡೆಯಿಂದ ಬಂತು.

"ಇದು ಲಾಟಿನ ಚೀಟಿ," ಅಂದರು. "ಮಾಲಿಗೆ ಚೀಟಿ ಅಂಟಿಸಿದವನು ಚೀಟಿಗೆ ಜವಾಬು ಹೇಳ್ಬೇಕು. ಇದು ನಿಮ್ಮ ಕೈಬರಹ ತಾನೆ? ಹೇಳಿ. ಈ ಲಾಟಿಗೂ ಆ ಲಾಟಿಗೂ ಏನು ಫರಕು?"

ಹತ್ತು ವರ್ಷದಿಂದ ಬಾಬಾಜಾನ್ ಕಾಯುತ್ತಿದ್ದ ಪ್ರಶ್ನೆ ಅದು. ಹೆಂಡತಿ ಕೇಳಿರಲಿಲ್ಲ, ಊರು ಕೇಳಿರಲಿಲ್ಲ. ಕೊನೆಗೂ ಒಬ್ಬ ಹಿರಿಯ ಮನುಷ್ಯ ಎದುರು ಕೂತು ಕೇಳಿದ್ದ, ಕೇಳಿದ ದಿನ ನಾಲಿಗೆಗೆ ಬೀಗ. ಅವನು ಪರದೆಯ ಕಡೆ ನೋಡಿದ. ಗೌಹರ್ 'ಹೇಳಿ, ಹೇಳಿ' ಎಂದು ಕಣ್ಣರಳಿಸುತ್ತಿದ್ದಳು. ಹೇಳಿದರೆ ಕೊಂದೇನು ಎಂದು ಅವನು ಅರ್ಥ ಮಾಡಿಕೊಂಡ.

"ಇನ್ಷಾ ಅಲ್ಲಾ," ಎಂದ.

ಸಾದಿಕ್ ಪಾಷಾ ಎದ್ದು ನಿಂತರು. ಕೈಗೆ ಅಂಟಿದ ರೇಷ್ಮೆ ನವಿರನ್ನು ಒರೆಸಿಕೊಂಡರು. "ಮಾಲು ಗೊತ್ತಿಲ್ಲದೆ ಚೀಟಿ ಅಂಟಿಸೋರ ಮನೆಯಿಂದ ನಾನು ಗೂಡೂ ತಗೊಳ್ಳಲ್ಲ, ಹೆಣ್ಣೂ ತಗೊಳ್ಳಲ್ಲ. ನಡಿ ಷರೀಫ್."

ಷರೀಫ್ ಕದಲಲಿಲ್ಲ, ಪರದೆಯ ಕಡೆ ನೋಡಿದ. ಗೌಹರ್ ಮಾನ ಮರ್ಯಾದೆ ಎಲ್ಲ ಬಿಟ್ಟು ಪರದೆ ಸರಿಸಿ ಒಳಗೆ ಬಂದಳು. "ಹೇಳ್ರೀ. ಬಾಯಿ ಬಿದ್ದೋಗಿದೆಯಾ?"

ಬಾಬಾಜಾನ್ ತಲೆ ಅಲ್ಲಾಡಿಸಿದ. ಇದೂ ಒಂದು ಪರೀಕ್ಷೆಯಿರಬಹುದೆಂದು ಅವನ ಗುಮಾನಿ. ಎಂಟು ವರ್ಷದ ಸಂಸಾರದಲ್ಲಿ ಅಷ್ಟಾದರೂ ಕಲಿತಿದ್ದ.

"ಖಸಮ್ ವಾಪಸ್ ತಗೊಂಡೆ. ನಿಮ್ಮ ಕಾಲಿಗೆ ಬೀಳ್ತೀನಿ, ಡೆತ್ ಅನ್ನಿ, ಡೂಮ್ ಅನ್ನಿ, ಏನು ಬೇಕಾದ್ರೂ ಅನ್ನಿ."

ಕೆರೆ ಏರಿ ಒಡೆದ ಹಾಗೆ ಶುರುವಾಯಿತು. ಡೆತ್ ಯಾಕೆ ಡೂಮ್ ಅಲ್ಲ, ಡೂಮ್ ಯಾಕೆ ಬ್ಲ್ಯಾಕ್ ಅಲ್ಲ, ಸ್ಪೀಡಿನ ವಂಶವೃಕ್ಷ, ಥ್ರಾಷಿನ ಒಳಪಂಗಡಗಳು. ಮಧ್ಯೆ ಷರೀಫನ ಕಡೆ ತಿರುಗಿ, "ರಾಕ್ ಅಂತಾನೆ ಇವನು, ಪಾಪ್ ಅಂತಾನೆ," ಎಂದು ಊಟದ ಹೊತ್ತಿನ ಬಾಕಿಯನ್ನೂ ತೀರಿಸಿಕೊಂಡ. ಸಾದಿಕ್ ಪಾಷಾ ಗಡ್ಡ ಸವರುತ್ತ ಪೂರ್ತಿ ಕೇಳಿದರು. ಹೊರಡುವ ಮಾತು ನಿಂತಿತ್ತು. ಗೌಹರ್ ಗೋಡೆಗೆ ಒರಗಿದಳು.

"ಇಷ್ಟೂ ಕಿವೀಲೇ ಗೊತ್ತಾಗುತ್ತಾ ನಿಮಗೆ?"

"ಕಣ್ಣು ಕಟ್ಟಿ ಬೇಕಾದ್ರೆ," ಎಂದ ಬಾಬಾಜಾನ್.

ಅಯ್ಯೋ ಪುಣ್ಯಾತ್ಮ. ಅನ್ನಬಾರದ ಪದಗಳಲ್ಲಿ ಅದೊಂದನ್ನು ಸೇರಿಸಲು ಗೌಹರ್ ಮರೆತಿದ್ದಳು.

ಸಾದಿಕ್ ಪಾಷಾ ಹೆಗಲ ಟವೆಲ್ಲು ತೆಗೆದು ಅವನ ಕಣ್ಣಿಗೆ ಕಟ್ಟಿದರು. ಗೋಣಿಯ ಕೆಳಗಿನಿಂದ ಟೇಪ್ ರೆಕಾರ್ಡರು ಬಂತು. ಪಾಷಾ ಒಂದು ಕ್ಯಾಸೆಟ್ಟು ಆರಿಸಿ ಕೊಟ್ಟರು, ಷರೀಫ್ ಹಾಕಿದ. ಗಿಟಾರುಗಳು ಗರಗರ ಅಂದವು, ಯಾರೋ ಕಿರುಚಿದ, ಮಂಕರಿಗಳು ನಡುಗಿದವು. ವಜೀರುನ್ನೀಸಾ ಕಿವಿ ಮುಚ್ಚಿಕೊಂಡರು.

"ಥ್ರಾಷ್," ಎಂದ ಬಾಬಾಜಾನ್ ತಕ್ಷಣ. "ಅದರಲ್ಲೂ ಒಣ ಥ್ರಾಷ್. ಅಮೆರಿಕದ್ದು."

"ವ್ಹಾ. ಇನ್ನೊಂದು ಕೇಳಿ." ಪಾಷಾ ಕ್ಯಾಸೆಟ್ಟನ್ನು ಹೊರತೆಗೆಸಿ, ಸೈಡೂ ಬದಲಿಸದೆ ಅದನ್ನೇ ಷರೀಫನ ಕೈಗೆ ವಾಪಸ್ ಕೊಟ್ಟು ತುಟಿಯ ಮೇಲೆ ಬೆರಳಿಟ್ಟರು. ಮಾರುಕಟ್ಟೆಯ ಹಳೇ ಆಟ. ನೋಡಿದ ಗೌಹರ್ ಗಂಡನಿಗೆ ಸನ್ನೆ ಮಾಡಿದಳು, ಆದರೆ ಅವನ ಕಣ್ಣಿಗೆ ಟವೆಲ್ಲಿತ್ತು.

ಆದರೆ ಹಾಗೇ ಆಗಿದ್ದರೆ ಬಾಬಾಜಾನ್ ಗೆದ್ದುಬಿಡುತ್ತಿದ್ದ. ಅದೇ ಹಾಡು ಮುಂದುವರಿದರೆ ಗುರುತು ಹಿಡಿಯದಷ್ಟು ದಡ್ಡ ಕಿವಿಯಲ್ಲ ಅವನದು. ಅಷ್ಟರಲ್ಲಿ ಕರೆಂಟು ಹೋಯಿತು, ಕಣ್ಣು ಕಟ್ಟಿದ್ದ ಬಾಬಾಜಾನನಿಗೆ ಅದು ಗೊತ್ತಾಗಲಿಲ್ಲ. ತೊಂಬತ್ತಮೂರನೇ ಇಸವಿಯ ಬೇಸಿಗೆ, ಕರೆಂಟು ಬಂದರೆ ಸುದ್ದಿ, ಹೋದರೆ ಯಾರು ಕೇಳುತ್ತಾರೆ. ಅಖ್ತರಿ ಪರದೆಯ ಸಂದಿನಿಂದ ಟಾರ್ಚಿನ ಸೆಲ್ಲು ನೀಡಿದಳು, ಷರೀಫ್ ತೆಗೆದುಕೊಂಡು ಹಾಕಿದ. (ಬೆರಳು ತಾಗಿತೋ ಇಲ್ಲವೋ ನಾವು ನೋಡಲಿಲ್ಲ.) ಸೆಲ್ಲು ಹಳೆಯದು, ಹೆಚ್ಚುಕಡಿಮೆ ಸತ್ತದ್ದು. ಅದೇ ಹಾಡು ಈಗ ಹೊಟ್ಟೆ ಉಬ್ಬಿದ ಎಮ್ಮೆ ನರಳುವ ಹಾಗೆ ಎಳೆದೆಳೆದು ಬಂತು.

ಬಾಬಾಜಾನ್ ತಲೆದೂಗಿದ. ಟವೆಲ್ಲಿನ ಕೆಳಗೆ ಅವನ ಮುಖದಲ್ಲಿ ಭಕ್ತಿ ಮೂಡಿತು. "ಆಹಾ. ಇದು ಡೂಮ್. ಅಪ್ಪಟ ಡೂಮ್. ಮೊದಲಿನದಕ್ಕೂ ಇದಕ್ಕೂ ಆಕಾಶ ಭೂಮಿ ಅಂತರ. ಆ ನೋವು ಕೇಳಿ, ಆ ಭಾರ ಕೇಳಿ. ಥ್ರಾಷಿನವರು ಏಳು ಜನ್ಮ ಎತ್ತಿದ್ರೂ ಇಂಥದು ಬಾರಿಸಲ್ಲ."

ಸಾದಿಕ್ ಪಾಷಾ ಟವೆಲ್ಲು ಬಿಚ್ಚಿದರು. ಕ್ಯಾಸೆಟ್ಟು ತೆಗೆದು ಅವನ ಅಂಗೈಯಲ್ಲಿಟ್ಟರು. "ಎರಡು ಸಲವೂ ಇದೇ."

ಚೀಟಿಯ ಮೇಲೆ ಬಾಬಾಜಾನನದೇ ಅಕ್ಷರ: 'ಕೋಲ್ಡ್ ಫರ್ನೇಸ್, ಥ್ರಾಷ್ ಅಲ್ಲ, ಸೂಪರ್ ಸ್ಪೀಡ್'. ಅಂದರೆ ಒಂದೇ ಕ್ಯಾಸೆಟ್ಟಿಗೆ ಅವನು ಮೂರು ಹೆಸರು ಕೊಟ್ಟ ಹಾಗಾಗಿತ್ತು. ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಸಾದಿಕ್ ಪಾಷಾ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದರು. ಗೌಹರಳ ಕಣ್ಣಲ್ಲಿ ನೀರು ತುಂಬಿತು. ಬಾಬಾಜಾನನಿಗೆ ಅದನ್ನು ನೋಡಲಾಗಲಿಲ್ಲ. ಅವನು ಕ್ಯಾಸೆಟ್ಟು ಹಿಡಿದುಕೊಂಡು ನೆಲ ನೋಡುತ್ತ ನಿಂತ.

"ಮಾಮೂ, ಒಂದು ನಿಮಿಷ."

ಅಖ್ತರಿ ಪರದೆ ದಾಟಿ ಬಂದಿದ್ದಳು. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು. ದೂಲಾಭಾಯಿಯ, ಅಂದರೆ ಭಾವನ, ಕೈಯಿಂದ ಕ್ಯಾಸೆಟ್ಟು ತೆಗೆದುಕೊಂಡಳು.

"ತಪ್ಪು ದೂಲಾಭಾಯ್‌ದಲ್ಲ. ಸೆಲ್ಲಿಂದು, ನಂದು. ಸೆಲ್ಲು ವೀಕಾದ್ರೆ ಹಾಡು ನಿಧಾನ ಆಗುತ್ತೆ, ಅವರಿಗೆ ಡೂಮ್ ಅನ್ಸುತ್ತೆ. ಇನ್ನೊಂದಿದೆ. ಅದನ್ನೂ ಹೇಳ್ಬಿಡ್ತೀನಿ. ಕರೆಂಟ್ ಇಲ್ಲದಾಗ ನಾನು ಹಿಂಗೇ ಹಳೇ ಸೆಲ್ಲು ಹಾಕಿ ಕಾಪಿ ಮಾಡ್ತಿದ್ದೆ. ವಾಕ್‌ಮನ್ನಲ್ಲಿ ಹೊಸ ಸೆಲ್ಲು ಇರ್ತಿತ್ತು, ನಮ್ಮ ರೆಕಾರ್ಡರು ತೆವಳ್ತಿತ್ತು. ಹಂಗೆ ತುಂಬಿದ್ದು ಆಮೇಲೆ ಕರೆಂಟಲ್ಲಿ ಹಾಕಿದ್ರೆ ಓಡೋಕೆ ಶುರುಮಾಡುತ್ತೆ. ಈ ಮನೇಲಿರೋ ಸೂಪರ್ ಸ್ಪೀಡ್ ಅಷ್ಟೂ ಅಂಥದ್ದೇ. ಅಸಲು ಮಾಲು ಚನ್ನಕೇಶವ ಅಣ್ಣ ಹೇಳಿದ್ದೇ, ಬರೀ ಥ್ರಾಷ್."

ಬಾಬಾಜಾನ್ ಬಾಯಿ ತೆರೆದ. ಈಗ ಖಸಮ್ ಇರಲಿಲ್ಲ, ಮಾತೇ ಇರಲಿಲ್ಲ.

"ಗೊತ್ತಿದ್ದೂ ಯಾಕಮ್ಮ ಇಷ್ಟು ದಿನ ಹೇಳ್ಲಿಲ್ಲ?" ಎಂದರು ಸಾದಿಕ್ ಪಾಷಾ.

"ಅವರು ಚೀಟಿ ಬರೆಯೋವಾಗ ತುಂಬ ಖುಷಿಯಾಗಿರ್ತಿದ್ರು ಮಾಮೂ."

ಸಾದಿಕ್ ಪಾಷಾ ಬಾಗಿಲಲ್ಲಿ ನಿಂತರು. ಮಂಕರಿ ನೋಡಿದರು, ಹುಡುಗಿಯನ್ನು ನೋಡಿದರು. "ನಲವತ್ತು ವರ್ಷದಿಂದ ವ್ಯಾಪಾರ ಮಾಡ್ತಿದ್ದೀನಿ," ಅಂದರು ನಿಧಾನವಾಗಿ. "ತನ್ನ ಮನೆ ಮಾಲಿನ ಡಾಗು, ಕುಂದು ತಾನಾಗಿ ಮುಂದೆ ಬಂದು ತೋರಿಸಿದೋರನ್ನ ನಾನು ಮಾರ್ಕೆಟ್ಟಲ್ಲಿ ನೋಡಿಲ್ಲ." ಆಮೇಲೆ ತಂಗಿಯ ಕಡೆ ತಿರುಗಿ, "ವಜೀರು, ಇದು ಒಳ್ಳೆ ಗೂಡು. ಬಿಡಬೇಡ," ಎಂದರು.

ವಜೀರುನ್ನೀಸಾ ತಮ್ಮ ಉಂಗುರ ತೆಗೆದು ಅಖ್ತರಿಯ ಬೆರಳಿಗೆ ಹಾಕಿದರು. ಗೌಹರ್ ನಗುವುದು ಅಳುವುದು ಎರಡೂ ಮಾಡಿದಳು. ಷರೀಫ್ ಭಾವನ ಹತ್ತಿರ ಬಂದು, ಪಾಪ, ಸಮಾಧಾನ ಮಾಡಬೇಕೆಂದೇ ಅಂದ: "ನಾನು ಆಗ್ಲೇ ಹೇಳ್ಲಿಲ್ವಾ ಭಾಯ್, ಎಲ್ಲಾ ಒಂದೇ."

ಬಾಬಾಜಾನ್ ಅವನಿಗೆ "ಇನ್ಷಾ ಅಲ್ಲಾ" ಅಂದ.

ಸುದ್ದಿ ಮಾರುಕಟ್ಟೆಗೆ ಅವನಿಗಿಂತ ಮೊದಲೇ ಹೋಗಿತ್ತು. ಸೋಮವಾರ ಅವನು ಗೂಡು ಎತ್ತಿ ಕಿವಿಗೆ ಹಿಡಿದರೆ ಸಾಕು, ಪಕ್ಕದ ರೀಲರು "ಬಾಬಾಜಾನ್ ಭಾಯ್, ಕರೆಂಟ್ ಇದ್ದಾಗಿನ ಗೂಡಾ, ಇಲ್ಲದಾಗಿನದಾ?" ಅನ್ನುತ್ತಿದ್ದ. ಆ ವಾರವೇ ಅವನು ಬಸ್ಸು ಹತ್ತಿ ಗೌರಿಬಿದನೂರಿಗೆ ಹೋದ. ಚನ್ನಕೇಶವ ಅಸಲು ಕ್ಯಾಸೆಟ್ಟು ಹಾಕಿದ. ಬಾಬಾಜಾನ್ ಎರಡೂ ಸೈಡ್ ಕೇಳಿದ. ಥ್ರಾಷೇ. ಚನ್ನಕೇಶವನ ಹೆಂಡತಿ ಕಾಫಿ ತಂದಿಟ್ಟರು. "ಮದುವೆಗೆ ಬಾರೋ," ಎಂದು ಕರೆದು ಬಂದ.

ಗೌಹರ್ ಕಪಾಟಿನ ಹಳದಿ ಚೀಟಿಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದಳು. ಧನಿಯ ಜೀರಿಗೆ ಡಬ್ಬಿಗಳು ತಮ್ಮ ಜಾಗಕ್ಕೆ ಹೋದವು. ಕ್ಯಾಸೆಟ್ಟಿಗೆ ಅವಳು ಉಳಿಸಿದ್ದು ಎರಡೇ ಮಂಕರಿ. ಒಂದರ ಮೇಲೆ ತಾನೇ ಬರೆದಳು, 'ಕರೆಂಟ್ ಇದ್ದಾಗ'. ಇನ್ನೊಂದರ ಮೇಲೆ, 'ಕರೆಂಟ್ ಇಲ್ಲದಾಗ'. ಲೋಕದ ಹೆವಿ ಮೆಟಲ್ ಅಷ್ಟೂ ಅದರಲ್ಲಿ ಸರಿಹೋಯಿತು. ಬಾಬಾಜಾನ್ ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡ. ಗಂಡ ರಿಪೇರಿಯಾದನೆಂದು ಗೌಹರ್ ನೆರೆಹೊರೆಯವರ ಮುಂದೆ ಹೇಳಿಕೊಂಡೂ ಬಂದಳು.

ನಿಕಾಹ್‌ಗೆ ಇನ್ನು ಸ್ವಲ್ಪ ದಿನವಿದೆ ಅನ್ನುವಾಗ ಒಂದು ಸಂಜೆ ಕರೆಂಟು ಬಂತು, ಆದರೆ ಪೂರ್ತಿ ಬರಲಿಲ್ಲ. ಬಲ್ಬು ನಿಂಬೆಹಣ್ಣಿನ ಹಾಗೆ ಹಳದಿಯಾಗಿ ಉರಿಯುತ್ತಿತ್ತು. ಬಾಬಾಜಾನ್ ಕೋಲ್ಡ್ ಫರ್ನೇಸ್ ಹಾಕಿ ಕಿವಿ ಹಚ್ಚಿ ಕೂತ. ಹಾಡು ಓಡಲೂ ಇಲ್ಲ, ತೆವಳಲೂ ಇಲ್ಲ, ಮಧ್ಯದಲ್ಲಿ ಒಂದು ತರಹ ಕುಂಟಿತು. ಅವನ ಕಣ್ಣು ಸಣ್ಣಗಾಯಿತು. ತಡೆದುಕೊಂಡ, ತಡೆದುಕೊಂಡ, ಆಮೇಲೆ ಆಗಲಿಲ್ಲ.

"ಗೌಹರ್, ಕೋಪ ಮಾಡ್ಕೋಬೇಡ. ಇದು ಕರೆಂಟ್ ಇದ್ದಾಗಿಂದೂ ಅಲ್ಲ, ಇಲ್ಲದಾಗಿಂದೂ ಅಲ್ಲ. ಲೋ ವೋಲ್ಟೇಜ್ ಅಂತ ಇನ್ನೊಂದು ಮಂಕರಿ ಬೇಕಾಗುತ್ತೆ."

ಗೌಹರ್ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವನ ಪಕ್ಕದಲ್ಲಿ ಕೂತು, ಅವನ ಕೈ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು.